ನಮ್ಮ ಕಡೆ ಡಿಗ್ರಿ ಯಾಕೆ ತಡ ಆಗುತ್ತೆ ಅಂದರೆ

ನನ್ನ ತಂಗಿಯ ಬಿಎ ಇನ್ನೂ ಮುಗಿದಿಲ್ಲ ಅಂದಿದ್ದಕ್ಕೆ "ಮೂರು ವರ್ಷದ ಬಿಎ ತಾನೆ, ಅದೂ ನಿಮ್ಮ ಕಡೆಯವರಿಗೆ ಟೈಮಿಗೆ ಮುಗಿಯಲ್ವಾ?" ಅಂತ ಕೇಳಿದೆಯಲ್ಲ, ಆ ಮಾತು ನನಗೆ ನಾಟಿತು. ಹರಿಹರದ ಸೇತುವೆ ದಾಟಿದ ಮೇಲೆ ಓದು ಯಾರಿಗೂ ಬೇಕಾಗಿಲ್ಲ ಅನ್ನೋ ಹಾಗಿತ್ತು ನಿನ್ನ ಧಾಟಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೊಳೆಯ ಆ ದಡ ಹರಿಹರ, ಈ ದಡ ಕುಮಾರಪಟ್ಟಣ, ಅಲ್ಲಿಂದ ನಮ್ಮ ರಾಣೇಬೆನ್ನೂರು ತಾಲ್ಲೂಕು. 1956ರ ತನಕ ತುಂಗಭದ್ರೆಯೇ ಗಡಿ. ಆ ಕಡೆ ಮೈಸೂರು, ಈ ಕಡೆ ಮುಂಬೈ ರಾಜ್ಯ. ನಮ್ಮವರು ಡಿಗ್ರಿ ಓದಬೇಕಾದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂದೆ ನಿಂತು ದುಡಿದ ಮೇಲೆ 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬೈಯಲ್ಲೇ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂತು. 2023ರಲ್ಲಿ ಹಾವೇರಿಗೂ ಒಂದು ವಿಶ್ವವಿದ್ಯಾಲಯ ಸಿಕ್ಕಿತು. 2025ರಲ್ಲಿ ಅದನ್ನು ಮುಚ್ಚುವ ಮಾತೂ ಎದ್ದಿತು, ಆ ಕಥೆ ಬೇರೆ. ಓದಿನ ಆಸೆ ಇಲ್ಲದ ಜನ ಇಷ್ಟೆಲ್ಲ ಮಾಡುತ್ತಾರಾ?

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಅವಳು ಬಿಎ ಸೇರಿದ್ದು 2023ರಲ್ಲಿ. ಆ ವರ್ಷ ಮಳೆ ಕೈಕೊಟ್ಟು ಬರ ಬಿದ್ದಿತ್ತು, ನಿನಗೂ ನೆನಪಿರಬೇಕು. ನಮ್ಮ ಮೆಕ್ಕೆಜೋಳ ಹೊಲದಲ್ಲೇ ಒಣಗಿತು. ಕೈಗೆ ಕಾಸು ಸಿಗುವ ಕೆಲಸ ಅಂದರೆ ಬೋರ್‌ವೆಲ್ ನೀರಿದ್ದವರ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್, ಅಂದರೆ ಎರಡು ತಳಿಯ ಹೂ ಕೂಡಿಸಿ ಹೈಬ್ರಿಡ್ ಬೀಜ ಮಾಡುವ ಕೆಲಸ. ರಾಣೇಬೆನ್ನೂರು ಬೀಜಕ್ಕೆ ಹೆಸರಾದ ಊರು, ಆದರೆ ಆ ಬೀಜ ಹೇಗೆ ಆಗುತ್ತೆ ಅಂತ ನೀನು ನೋಡಿಲ್ಲ. ಮಧ್ಯಾಹ್ನದ ಮೇಲೆ, ನಾಳೆ ಅರಳುವ ಮೊಗ್ಗನ್ನು ಹುಡುಕಿ, ಉಗುರಿನಿಂದ ಎಸಳು ಸೀಳಿ, ಒಳಗಿನ ಗಂಡು ಕೇಸರ ತೆಗೆಯಬೇಕು. ನಡುವಿನ ಹೆಣ್ಣು ಭಾಗದ ಕಡ್ಡಿಗೆ ಪೆಟ್ಟಾಗಬಾರದು. ಗುರುತಿಗೆ ಬಣ್ಣದ ಕಾಗದ ತೊಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಆ ಕಡ್ಡಿಗೆ ಸವರಬೇಕು. ಬಿಸಿಲು ಏರುವ ಮೊದಲೇ ಮುಗಿಯಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಕಾಲೇಜಿನ ಮೊದಲ ಪಿರಿಯಡ್‌ಗಳೂ ಅದೇ ಹೊತ್ತಿಗೆ. ನನ್ನ ತಂಗಿ ಕೂಲಿಗೆ ಹೋದಳು. ಆ ದುಡ್ಡಲ್ಲೇ ಅವಳ ಪರೀಕ್ಷೆ ಫೀಸು, ಮನೆಯ ಸಂತೆ ಎಲ್ಲ ನಡೆಯಿತು.

ಹೊಲದ ಕೆಲಸ ಮುಗಿಸಿ ಕ್ಲಾಸಿಗೆ ಹೋಗೋಣ ಅನ್ನುವಷ್ಟರಲ್ಲಿ ಅತಿಥಿ ಉಪನ್ಯಾಸಕರು ಕೆಲಸ ಕಾಯಂ ಮಾಡಿ ಅಂತ ರಾಜ್ಯದ ತುಂಬ ಧರಣಿ ಕೂತರು. ಅವರ ಬೇಡಿಕೆ ನ್ಯಾಯದ್ದೇ. ಆದರೆ ಸರ್ಕಾರಿ ಕಾಲೇಜುಗಳ ಪಾಠದ ಬಹುಪಾಲು ಭಾರ ಹೊತ್ತವರು ಅವರೇ. ಅವರಿಲ್ಲದೆ ಕ್ಲಾಸ್ ಎಲ್ಲಿಂದ ಬರಬೇಕು?

ಹೀಗೆ ಅವಳಿಗೆ ಮೊದಲ ಸೆಮಿಸ್ಟರಿನ ಒಂದು ಸಬ್ಜೆಕ್ಟ್ ಉಳಿಯಿತು. ಡಿಜಿಟಲ್ ಫ್ಲುಯೆನ್ಸಿ. ಎಐ, ಬಿಗ್ ಡೇಟಾ, ಕ್ಲೌಡ್, ಸೈಬರ್ ಭದ್ರತೆ, ಇದೆಲ್ಲ ಅದರಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಸಂಜೆ ಅಪ್ಪ ಹೊಲದಿಂದ ಬಂದ ಮೇಲೆ ಅವರ ಫೋನ್ ಸಿಕ್ಕರೆ ಉಂಟು. ಇತಿಹಾಸ, ಸಮಾಜಶಾಸ್ತ್ರದಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ ಹುಡುಗಿ ಇದೊಂದರಲ್ಲಿ ಸಿಕ್ಕಿಬಿದ್ದಳು.

ಸಿಕ್ಕು ಇರುವುದು ಇಲ್ಲೇ ನೋಡು. ಫೇಲ್ ಆದರೆ ಮತ್ತೆ ಬರೆಯಬಹುದು, ನಿಜ. ಮೊದಲ ಸೆಮಿಸ್ಟರಿನ ಪೇಪರ್ ಮತ್ತೆ ಬರುವುದು ಮುಂದಿನ ವರ್ಷ ಆ ಸೆಮಿಸ್ಟರ್ ಪರೀಕ್ಷೆ ಬಂದಾಗ. ಅಷ್ಟರಲ್ಲಿ 2024ರಲ್ಲಿ ರಾಜ್ಯ ಸರ್ಕಾರ ಎನ್‌ಇಪಿ (ಇವಳು ಸೇರಿದಾಗ ಇದ್ದ ರಾಷ್ಟ್ರೀಯ ಶಿಕ್ಷಣ ನೀತಿ) ಕೈಬಿಟ್ಟು ಅದಕ್ಕೂ ಮೊದಲಿದ್ದ ಮೂರು ವರ್ಷದ ಪದ್ಧತಿಗೆ ವಾಪಸ್ ಬಂತು, ಸಿಲೆಬಸ್ ಬದಲಾಯಿತು. ಇವಳ ಕಿರಿಯರಿಗೆ ಈ ಸಬ್ಜೆಕ್ಟೇ ಇಲ್ಲ. ಪಾಠ ಮಾಡುವವರಿಲ್ಲ, ಜೊತೆಗೆ ಕೂತು ಓದುವವರಿಲ್ಲ, ಪುಸ್ತಕದ ಅಂಗಡಿಯವರು ಹಳೇ ಗೈಡ್ ಇಡುವುದನ್ನೇ ಬಿಟ್ಟಿದ್ದಾರೆ. ಆಫೀಸಿನ ಕಿಟಕಿಯಲ್ಲಿ ಕೇಳಿದರೆ "ಹಳೇ ಸ್ಕೀಮಿನವರಾ? ನೋಟಿಸ್ ಬರ್ತದ, ನೋಡ್ಕೋತ ಇರ್ರಿ" ಅನ್ನುತ್ತಾರೆ. ಅವರದೂ ತಪ್ಪಲ್ಲ, ಅವರಿಗೂ ಮೇಲಿನಿಂದ ಏನೂ ಬಂದಿರುವುದಿಲ್ಲ.

ಅವಳಿಗೆ ಬಿ.ಎಡ್ ಮಾಡುವ ಆಸೆ. ಡಿಗ್ರಿ ಪಾಸ್ ಆಗದೆ ಸೀಟಿಲ್ಲ. ಉಳಿದ ಎಲ್ಲ ಪೇಪರ್ ಪಾಸಾಗಿ ಒಂದೇ ಒಂದಕ್ಕೆ ವರ್ಷ ಹಾಳು. ಮನೆಗೆ ಬಂದವರೆಲ್ಲ "ಇನ್ನೂ ಮುಗಿದಿಲ್ವಾ?" ಅಂತ ಕೇಳಿದಾಗ ಅವಳು ಒಳಗೆ ಹೋಗಿಬಿಡುತ್ತಾಳೆ. ನೀನೂ ಅದನ್ನೇ ಕೇಳಿದೆ. ಸರ್ಕಾರ ನಿಯಮ ಬದಲಿಸಲಿ, ಬೇಡ ಅನ್ನಲ್ಲ. ಹಳೇ ಸ್ಕೀಮಿನಲ್ಲಿ ಉಳಿದವರಿಗೆ ರಜೆಯಲ್ಲಿ ಒಂದು ವಿಶೇಷ ಪರೀಕ್ಷೆ, ಅದಕ್ಕೊಂದಿಷ್ಟು ಪಾಠ ಇಡಬಹುದಿತ್ತು, ಅಲ್ವಾ? ಕೂಲಿ ಮಾಡಿ ಓದಿದವರಿಗೆ ಅಷ್ಟಾದರೂ ಸಿಗಬೇಕು.

ಈ ಸಲ ಮತ್ತೆ ಅರ್ಜಿ ತುಂಬಿ ಫೀಸು ಕಟ್ಟಿದ್ದಾಳೆ. ಎನ್‌ಇಪಿ ಇದ್ದಾಗ, 2021ರಿಂದ 2023ರ ಒಳಗೆ ಡಿಗ್ರಿ ಸೇರಿದವರು ನಿನ್ನ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇರುತ್ತಾರೆ. ಅವರಲ್ಲಿ ಯಾರ ಹತ್ತಿರವಾದರೂ ಡಿಜಿಟಲ್ ಫ್ಲುಯೆನ್ಸಿ ನೋಟ್ಸ್ ಇದ್ದರೆ, ಕನ್ನಡದಲ್ಲಿದ್ದರೆ ಇನ್ನೂ ಒಳ್ಳೇದು, ಫೋಟೋ ತೆಗೆದು ಈ ವಾರವೇ ಕಳಿಸು.