ಇಲ್ಲದ ಬೆರಳು ಉರಿಯುತ್ತಿದೆ ಎಂದರೆ ನಂಬಿ

ಪ್ರಶ್ನೆ: ತಂದೆಗೆ 58 ವರ್ಷ, ಅಡಿಕೆ ತೋಟ ನೋಡಿಕೊಂಡಿದ್ದವರು. ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ಕೊಳೆತು, ಎರಡೂವರೆ ತಿಂಗಳ ಹಿಂದೆ ಎಡಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಗಾಯ ಒಣಗಿದೆ. ಆದರೆ ರಾತ್ರಿಯಾದರೆ, ಇಲ್ಲದ ಹೆಬ್ಬೆರಳು ಉರಿಯುತ್ತಿದೆ ಎಂದು ಒದ್ದಾಡುತ್ತಾರೆ. ಮನಸ್ಸಿಗೇನಾದರೂ ಆಗಿದೆಯೇ ಎಂದು ಅಮ್ಮನಿಗೆ ಭಯ. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸುತ್ತೇವೆ, ಎಲ್ಲವನ್ನೂ ಕೂತಲ್ಲಿಗೇ ಕೊಡುತ್ತೇವೆ. ಜಗಲಿಗೂ ಬರುತ್ತಿಲ್ಲ. ಮತ್ತೆ ತೋಟಕ್ಕೆ ಇಳಿದಾರೇ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಮೊದಲು ಆ ದಿಂಬನ್ನು ಇವತ್ತೇ ತೆಗೆಯಿರಿ. ನೀವು ಅಕ್ಕರೆಯಿಂದಲೇ ಇಟ್ಟಿದ್ದೀರಿ, ಆದರೆ ಮಂಡಿ ಮಡಚಿಯೇ ಇದ್ದರೆ ಹಿಂಬದಿಯ ಸ್ನಾಯುಗಳು ಬಿಗಿದುಕೊಂಡು ಮತ್ತೆ ನೆಟ್ಟಗಾಗುವುದಿಲ್ಲ. ನೆಟ್ಟಗಾಗದ ಮಂಡಿಗೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ಹಾಸಿಗೆಯ ಮೇಲೆ ಕಾಲು ಚಾಚಿಯೇ ಇರಲಿ. ಉಸಿರಾಟದ ತೊಂದರೆ ಇಲ್ಲವಾದರೆ ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷ ಬೋರಲು ಮಲಗಲಿ.

ಹೆಬ್ಬೆರಳಿನ ಉರಿ ನಿಜವಾದ ನೋವು. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿಗೆ ಮೀಸಲಾದ ಜಾಗ ಹಾಗೆಯೇ ಉಳಿದಿರುತ್ತದೆ. ಕತ್ತರಿಸಿದ ನರದ ತುದಿಗಳೂ ಸಂಕೇತ ಕಳುಹಿಸುತ್ತಲೇ ಇರುತ್ತವೆ. ಇದನ್ನು ಫ್ಯಾಂಟಮ್ ನೋವು ಎನ್ನುತ್ತೇವೆ. ಅಂಗ ಕಳೆದುಕೊಂಡ ಬಹಳಷ್ಟು ಜನರಿಗೆ ಇದು ಬರುತ್ತದೆ. ಅಮ್ಮನಿಗೆ ಇದನ್ನು ತಂದೆಯ ಎದುರಿನಲ್ಲೇ ಹೇಳಿ. ತಮ್ಮ ಮಾತನ್ನು ಮನೆಯವರು ನಂಬುತ್ತಿಲ್ಲ ಎಂಬ ಸಂಕಟಕ್ಕೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ನರಳುವುದನ್ನು ನಾನು ಕಂಡಿದ್ದೇನೆ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ನರದ ನೋವಿಗೆ ಬೇರೆ ಔಷಧಿಗಳಿವೆ, ವೈದ್ಯರನ್ನು ಕೇಳಿ.

ಮನೆಯಲ್ಲೇ ಮಾಡಬಹುದಾದದ್ದು ಕನ್ನಡಿಯ ಅಭ್ಯಾಸ. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ರೂಪಿಸಿದ ವಿಧಾನ ಇದು. ಉದ್ದನೆಯ ಕನ್ನಡಿಯನ್ನು ಎರಡು ಕಾಲುಗಳ ನಡುವೆ, ಮುಖ ಬಲಗಾಲಿನ ಕಡೆಗಿರುವಂತೆ ನಿಲ್ಲಿಸಿ. ಬಲಗಾಲಿನ ಬೆರಳುಗಳನ್ನು ನಿಧಾನವಾಗಿ ಮಡಚಿ ಬಿಡಿಸುತ್ತಾ ಕನ್ನಡಿಯನ್ನೇ ನೋಡಲಿ. ಎಡಗಾಲೇ ಆಡಿದಂತೆ ಕಾಣುತ್ತದೆ. ದಿನಕ್ಕೆ ಹತ್ತು ಹದಿನೈದು ನಿಮಿಷ, ಕೆಲವು ವಾರ. ಎಲ್ಲರಿಗೂ ಫಲಿಸುವುದಿಲ್ಲ, ಫಲಿಸಿದವರಿಗೆ ನಿದ್ದೆ ಮರಳುತ್ತದೆ.

ರಾತ್ರಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ನಿದ್ದೆಗಣ್ಣಿನಲ್ಲಿ ಕಾಲಿಲ್ಲ ಎಂಬುದು ಮರೆತು ಎದ್ದು ಹೆಜ್ಜೆಯಿಟ್ಟು ಬೀಳುತ್ತಾರೆ. ವಾಕರ್ ಅನ್ನು ಮಂಚಕ್ಕೆ ತಾಗಿಸಿಯೇ ಇಡಿ, ಸಣ್ಣ ದೀಪ ಉರಿಯುತ್ತಿರಲಿ.

ಎಲ್ಲವನ್ನೂ ಕೂತಲ್ಲಿಗೇ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಎಡಗಾಲಿನ ತುದಿಗೆ ಕ್ರೇಪ್ ಬ್ಯಾಂಡೇಜನ್ನು (ಹಿಗ್ಗುವ ಬಟ್ಟೆಯ ಪಟ್ಟಿ) ಅವರೇ ಸುತ್ತಿಕೊಳ್ಳಲಿ: ತುದಿಯಲ್ಲಿ ಬಿಗಿ, ಮೇಲೆ ಬರುತ್ತಾ ಸಡಿಲ, ಪ್ರತಿ ನಾಲ್ಕೈದು ಗಂಟೆಗೊಮ್ಮೆ ಬಿಚ್ಚಿ ಹೊಸದಾಗಿ. ಊತ ಇಳಿದು ಕಾಲಿನ ತುದಿ ಒಂದು ಆಕಾರಕ್ಕೆ ಬರುವುದು ಹೀಗೆಯೇ. ಜಗಲಿಗೆ ಬನ್ನಿ ಎಂದು ಒತ್ತಾಯಿಸುವ ಬದಲು ಅಡಿಕೆ ಸುಲಿಯುವುದನ್ನೋ ಕೂಲಿಯ ಲೆಕ್ಕವನ್ನೋ ಅಲ್ಲಿ ಅವರಿಗೆ ವಹಿಸಿ. ಕೆಲಸವಿದ್ದರೆ ಬರುತ್ತಾರೆ.

ಇನ್ನು ತೋಟ. ಗಾಯ ಪೂರ್ತಿ ಮಾಗಿ ಊತ ಇಳಿದಿದ್ದರೆ ಕೃತಕ ಕಾಲಿನ ಅಳತೆಗೆ ಈಗಲೇ ತಜ್ಞರಿಗೆ ತೋರಿಸಬಹುದು. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ತಜ್ಞ ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲು ನಮ್ಮ ಜನರ ಬದುಕು ನೋಡಿಯೇ ಮಾಡಿದ್ದು. ಬರಿಗಾಲಿನಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ಕೆಸರಿಗೂ ಇಳಿಯಬಹುದು. ಆದರೂ ಮೊದಲ ಮಳೆಗಾಲದಲ್ಲಿ ಪಾಚಿ ಹಿಡಿದ ಸಂಕ ದಾಟುವ ಸಾಹಸ ಬೇಡ. ಅಂಗವಿಕಲರ ಸರ್ಕಾರಿ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿ. ಆದಾಯ ಮಿತಿಯೊಳಗಿದ್ದರೆ ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ನೆರವು ಸಿಗುತ್ತದೆ.

ಬಲಗಾಲನ್ನು ಮರೆಯಬೇಡಿ. ಅದರ ಅಂಗಾಲನ್ನು, ಬೆರಳ ಸಂದುಗಳನ್ನು ಪ್ರತಿ ಸಂಜೆ ನೋಡಿ. ಎಡಗಾಲಿನ ತುದಿಯನ್ನೂ ಸೋಪು ನೀರಿನಲ್ಲಿ ತೊಳೆದು ಒರೆಸಿ. ಎರಡರಲ್ಲಿ ಎಲ್ಲೇ ಕೆಂಪು, ಬಿಸಿ, ಕೀವು ಕಂಡರೂ ಅಂದೇ ವೈದ್ಯರಿಗೆ ತೋರಿಸಿ.

ಅಳತೆಗೆ ಹೋಗುವಾಗ ಅವರು ತೋಟಕ್ಕೆ ಹಾಕುತ್ತಿದ್ದ ಚಪ್ಪಲಿಯ ಜೋಡಿಯನ್ನು ತೆಗೆದುಕೊಂಡು ಹೋಗಿ, ಎರಡನ್ನೂ. ಅದರ ಹಿಮ್ಮಡಿಯ ಎತ್ತರ ನೋಡಿಯೇ ಹೊಸ ಕಾಲನ್ನು ಹೊಂದಿಸುತ್ತಾರೆ.