ಟ್ರೇನರ್ ಇಲ್ಲದ ದಿನ ಕುದುರೆ ಹತ್ತೋದನ್ನ ಮೊದಲು ನಿಲ್ಲಿಸಿ

"ಮೂರೂವರೆ ವರ್ಷದ ಕುದುರೆ, ಮೂರು ತಿಂಗಳಾದ್ರೂ ಟ್ರೇನರ್ ಇನ್ನೂ ಗ್ರೌಂಡ್ ವರ್ಕ್‌ನಲ್ಲೇ (ಹತ್ತದೆ, ನೆಲದ ಮೇಲೆ ನಿಂತು ಕಲಿಸೋದು) ಇದ್ದಾರೆ, ಅವರು ಬರದ ಭಾನುವಾರಗಳಲ್ಲಿ ನಾನೇ ಜೀನು ಹಾಕಿ ಹತ್ತಿದೆ, ಅಲ್ಲಾಡದೆ ನಿಂತಿತ್ತು, ಅಂದ್ಮೇಲೆ ಅವರು ಸುಮ್ನೆ ಎಳೀತಿದ್ದಾರೆ" ಅಂತ ಬರೆದಿದ್ದೀರಲ್ಲ ಸರ್, ಓದಿ ಎದೆ ಧಸಕ್ ಅಂತು. ಇದೇ ಕೆಲಸ ನಾನೂ ಮಾಡಿದ್ದೆ.

ನನ್ನ ಹೆಣ್ಣು ಕುದುರೆನೂ ಅಲ್ಲಾಡದೆ ನಿಂತಿದ್ದಳು. ಒಪ್ಕೊಂಡಿದ್ದಾಳೆ ಅಂದ್ಕೊಂಡೆ. ಆಮೇಲೆ ಹಳೇ ವಿಡಿಯೋ ತೆಗೆದು ನೋಡಿದ್ರೆ, ಗರ್ತ್ (ಜೀನಿನ ಹೊಟ್ಟೆಪಟ್ಟಿ) ಬಕಲ್ ಕಿಣಿ ಅಂದ ಕೂಡಲೇ ಮೂಗಿನ ಹೊಳ್ಳೆ ಬಿಗಿಯಾಗುತ್ತೆ, ಕಣ್ಣಿನ ಮೇಲೆ ಗೆರೆ ಮೂಡುತ್ತೆ, ಪಕ್ಕೆ ಏರಿಳಿಯೋದೇ ನಿಲ್ಲುತ್ತೆ. ಉಸಿರು ಕಟ್ಟಿ ನಿಂತಿದ್ದಾಳೆ! ಐದನೇ ಭಾನುವಾರ ನಾಲ್ಕು ಹೆಜ್ಜೆ ಇಟ್ಟವಳು ಬೆನ್ನು ಬಿಲ್ಲು ಮಾಡಿ ಎಗರಿದ್ಲು. ನನ್ನ ಕಾಲರ್ ಬೋನ್ ಮುರೀತು, ಅದು ಕೂಡ್ಕೊಳ್ತು. ಅವಳು ಮೌಂಟಿಂಗ್ ಬ್ಲಾಕ್ (ಹತ್ತೋಕೆ ಇಡೋ ಮೆಟ್ಟಿಲು) ಪಕ್ಕ ಮತ್ತೆ ನೆಮ್ಮದಿಯಾಗಿ ನಿಲ್ಲೋಕೆ ಎಂಟು ತಿಂಗಳು ಹಿಡೀತು. ಅತ್ತ ಟ್ರೇನರ್, ಪ್ರತಿ ಸೋಮವಾರ ಇದು ಕಲಿತದ್ದರಲ್ಲಿ ಯಾಕೆ ಹಿಂದಕ್ಕೆ ಹೋಗ್ತಿದೆ ಅಂತ ತಲೆ ಕೆಡಿಸ್ಕೊಂಡಿದ್ರು. ಅವರು ರೇನ್ (ಲಗಾಮು) ಹಿಡಿದು, ಅವಳು ಮಣಿದ ಕ್ಷಣ ಬಿಡ್ತಿದ್ರು. ನಾನು ಹಿಡಿದಿದ್ದನ್ನ ಬಿಡ್ತಾನೇ ಇರ್ಲಿಲ್ಲ. ಪಾಪ, ಯಾರ ಕೈಯನ್ನ ನಂಬಬೇಕು ಅದು?

ಟ್ರೇನರ್ ಹೇಳಿದ್ದೇ ವೇದವಾಕ್ಯ ಅಂತಿಲ್ಲ. ತಕರಾರಿದ್ರೆ ಅವರ ಎದುರು ಕೂತು ಮಾತಾಡಿ. ನಾನು ಈಗ ಮಾಡೋದು ಹೀಗೆ: ವಾರಕ್ಕೊಂದು ಸಲ, ಒಂದೇ ಜಾಗದಲ್ಲಿ ಫೋನ್ ಇಟ್ಟು, ಪಕ್ಕದಿಂದ, ಲಾಯದಿಂದ ಹೊರಗೆ ತರೋದ್ರಿಂದ ಹಿಡಿದು ಜೀನು ಬಿಗಿಯೋವರೆಗೂ ವಿಡಿಯೋ. ನಾಲ್ಕು ವಾರದ್ದು ಸೇರಿಸಿ ಇಬ್ಬರೂ ಒಟ್ಟಿಗೆ ನೋಡಬೇಕು. "ಯಾವಾಗ ಹತ್ತಬಹುದು" ಅಂತ ಕೇಳ್ಬೇಡಿ. "ಹತ್ತೋ ಮೊದ್ಲು ಇದಕ್ಕೆ ಏನೇನು ಬರಬೇಕು, ಅದರಲ್ಲಿ ಇವತ್ತಿಗೆ ಯಾವುದು ಬಂದಿದೆ" ಅಂತ ಕೇಳಿ. ಕೆಲಸ ಗೊತ್ತಿರೋರು ತಡವರಿಸಲ್ಲ: ಮಾತಿಗೆ ನಿಲ್ಲುತ್ತೆ, ಎಡಕ್ಕೆ ಬಂದಷ್ಟೇ ಸಲೀಸಾಗಿ ಬಲಕ್ಕೂ ತಿರುಗುತ್ತೆ, ಲಾಂಗ್ ರೇನ್‌ನಲ್ಲಿ (ಹಿಂದೆ ನಡೀತಾ ಉದ್ದ ಲಗಾಮು ಹಿಡಿದು ನಡೆಸೋದು) ಹೋಗುತ್ತೆ, ಜೀನಿನ ಮೇಲೆ ಅಡ್ಡ ಒರಗಿದ್ರೆ ಉಸಿರು ಬಿಡ್ತಾ ನಿಲ್ಲುತ್ತೆ, ಹೀಗೆ ಬಿಡಿಸಿ ಹೇಳ್ತಾರೆ. "ನನ್ನನ್ನ ನಂಬಿ" ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ, ನಾಲ್ಕೂ ವಿಡಿಯೋ ಒಂದೇ ಥರ ಇವೆ ಅಂದ್ರೆ ಆಗ ಬೇರೆಯವರನ್ನ ಹುಡುಕಿ, ನಾನೂ ಅದನ್ನೇ ಮಾಡ್ತೀನಿ.

ನಿಧಾನ ಅಂದ ಮಾತ್ರಕ್ಕೆ ಎಲ್ಲಾ ಒಳ್ಳೇದೂ ಅಲ್ಲ. ಆ ಮೂರು ತಿಂಗಳು ದಿನಾ ಮುಕ್ಕಾಲು ಗಂಟೆ ಸಣ್ಣ ಸುತ್ತಿನಲ್ಲಿ ಲಂಜ್ (ಉದ್ದ ಹಗ್ಗ ಹಿಡಿದು ಸುತ್ತ ಓಡಿಸೋದು) ಮಾಡಿಸ್ತಿದ್ರೆ ಕಾಲಿನ ಕೀಲು ಸವೀತಿದೆ ಅಂತಲೇ ಲೆಕ್ಕ. 15–20 ನಿಮಿಷ, 20 ಮೀಟರ್ ಅಗಲದ ಸುತ್ತು, ದಿಕ್ಕು ಬದಲಿಸ್ತಾ, ಅದೂ ದಿನಾ ಬೇಡ. ಬೆನ್ನುಮೂಳೆಯ ಗ್ರೋತ್ ಪ್ಲೇಟ್ (ಮೂಳೆ ಬೆಳೆಯೋ ಮೆದು ಭಾಗ) ಪೂರ್ತಿ ಮುಚ್ಚೋಕೆ ಐದು, ಐದೂವರೆ ವರ್ಷವಾದ್ರೂ ಬೇಕು. ನಿಮ್ಮದಕ್ಕೆ ಇನ್ನೂ ಎರಡು ವರ್ಷ ಇದೆ. ಹತ್ತಲೇಬಾರದು ಅಂತಲ್ಲ, ತೂಕ, ಹೊತ್ತು ಎರಡೂ ಕಮ್ಮಿ ಇರಲಿ.

ತಲೆ ಒದರುತ್ತೆ ಅಂತಾನೂ ಬರೆದಿದ್ದೀರಿ. ಅದಕ್ಕೆ ಡ್ರಾ ರೇನ್ (ತಲೆಯನ್ನ ಕೆಳಕ್ಕೆ ಎಳೆದು ಹಿಡಿಯೋ ಇನ್ನೊಂದು ಲಗಾಮು) ಹಾಕಿ ಅಂತ ಮೇಲಿನ ಕಾಮೆಂಟಲ್ಲಿ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ. ಮೊದ್ಲು ಬಾಯಿ ತೆಗೆಸಿ ನೋಡಿ. ಮೂರೂವರೆಗೆ ಮುಂದಿನ ಎರಡನೇ ಜೋಡಿ ಹಾಲುಹಲ್ಲು ಬೀಳೋ ಸಮಯ, ದವಡೆಯಲ್ಲೂ ಕ್ಯಾಪ್ (ಉದುರೋ ಹಾಲುಹಲ್ಲಿನ ಚಿಪ್ಪು) ಅಲ್ಲಾಡ್ತಿರುತ್ತೆ, ವುಲ್ಫ್ ಟೂತ್ (ದವಡೆ ಹಲ್ಲಿನ ಮುಂದಿರೋ ಚಿಕ್ಕ ಹಲ್ಲು) ಇದ್ರಂತೂ ಬಿಟ್ (ಬಾಯಲ್ಲಿ ಹಾಕೋ ಕಡಿವಾಣ) ತಾಗಿ ಜೀವ ಹಿಂಡುತ್ತೆ. ದಪ್ಪ ಬಿಟ್ ಇದ್ದಷ್ಟೂ ಮೃದು ಅನ್ನೋದನ್ನೂ ನಂಬಬೇಡಿ, ಚಿಕ್ಕ ಬಾಯಲ್ಲಿ ನಾಲಿಗೆಗೇ ಜಾಗ ಇರಲ್ಲ. ನಾನು 18 ಮಿ.ಮೀ. ದಪ್ಪದ್ದು ತೆಗೆದು ಸ್ಪ್ರೆಂಗರ್ ಕಂಪನಿಯ 14 ಮಿ.ಮೀ. ಡಬಲ್ ಜಾಯಿಂಟೆಡ್ ಸ್ನ್ಯಾಫಲ್ (ಎರಡು ಕಡೆ ಮಡಚೋ ಸಾದಾ ಬಿಟ್) ಹಾಕಿದ್ಮೇಲೆ ಅವಳ ಬಾಯಿ ಶಾಂತ ಆಯ್ತು. ಹಲ್ಲು ಸರಿ ಇಲ್ಲದಿದ್ರೆ ಅದೂ ವ್ಯರ್ಥ. ಜೀನನ್ನೂ ಎರಡು ತಿಂಗಳಿಗೊಮ್ಮೆ ಕೂರಿಸಿ ನೋಡಿ, ಈ ವಯಸ್ಸಲ್ಲಿ ಹಿಂಭಾಗ ಮೊದ್ಲು ಎತ್ತರ ಆಗಿ ಜೀನು ಭುಜದ ಮೇಲೆ ಜಾರುತ್ತೆ.

ಭಾನುವಾರ ಹತ್ತಿದ್ದನ್ನ ಇವತ್ತೇ ಟ್ರೇನರ್‌ಗೆ ಹೇಳಿಬಿಡಿ, ಬೈದ್ರೆ ಬೈಸ್ಕೊಳ್ಳಿ. ಈ ವಾರದ ವಿಡಿಯೋ ಇಲ್ಲೂ ಹಾಕಿ, ಗರ್ತ್ ಬಿಗಿಯೋ ಭಾಗ ಮಾತ್ರ ಕತ್ತರಿಸಬೇಡಿ.