ಮತ್ಸ್ಯಗಂಧ ಯಾವಾಗ ಬರುತ್ತೆ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಮುಂಬೈ ಪಕ್ಕದ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಮೂರು ತಿಂಗಳ ಹಿಂದೆ ನನ್ನ ಅಣ್ಣ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡ. ಅವನ ಮಗನಿಗೆ ಏಳು ವರ್ಷ. ಅಪ್ಪ ಊರಿಗೆ ಹೋಗಿದ್ದಾರೆ ಅಂತ ಹೇಳಿದ್ದೇವೆ. ಮೊದಲು ದಿನಾ 'ಮತ್ಸ್ಯಗಂಧ ಯಾವಾಗ ಬರುತ್ತೆ?' ಅಂತ ಊರಿನ ರೈಲಿನ ಬಗ್ಗೆ ಕೇಳುತ್ತಿದ್ದ. ಈಗ ಕೇಳಲ್ಲ, ಅಳೋದೂ ಇಲ್ಲ. ಆಟದ ರೈಲಿನಿಂದ ಗೊಂಬೆ ಬೀಳಿಸಿ ಬೀಳಿಸಿ ಆಡುತ್ತಾನೆ. ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಮರೆತಿದ್ದಾನಾ? ಡಾಕ್ಟರಿಗೆ ತೋರಿಸಬೇಕಾ?"

ಸಂಪಾದಕರ ಉತ್ತರ:

ಅಮ್ಮಾ, ಅವನು ಮರೆತಿಲ್ಲ. ಬಹುಶಃ ಅವನಿಗೆ ಗೊತ್ತಾಗಿದೆ. ಗೊಂಬೆ ಯಾಕೆ ರೈಲಿನಿಂದಲೇ ಬೀಳುತ್ತದೆ, ನೀವೇ ಯೋಚಿಸಿ. ಕೇಳಿದರೆ ತನ್ನ ಅಮ್ಮ ಅಳುತ್ತಾಳೆ ಎಂದು ಕೇಳುವುದನ್ನು ಬಿಟ್ಟಿರಬಹುದು. ನೀವು ಅವನನ್ನು ಕಾಪಾಡುತ್ತಿದ್ದೀರಿ, ಅವನು ನಿಮ್ಮನ್ನು.

ನನ್ನ ಅಮ್ಮ ಹೋದಾಗ ನನಗೆ ಎಂಟು ವರ್ಷ. ನಾವಿದ್ದ ಚಾಳಿನ, ಅಂದರೆ ವಠಾರದ, ಪಕ್ಕದ ಮನೆಯವರು ನನ್ನನ್ನು ಒಳಗೆ ಕೂರಿಸಿ, ಚಹಾದ ಜೊತೆ ತಟ್ಟೆ ತುಂಬ ಖಾರಿ ಬಿಸ್ಕತ್ತು ಕೊಟ್ಟರು. ಅಷ್ಟೊಂದು ಖಾರಿ ಯಾರೂ ಸುಮ್ನೆ ಕೊಡಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು. ಹಿಂದಿನ ದಿನ ಹಾಲು ಕುಡಿಯಲ್ಲ ಎಂದು ಹಟ ಮಾಡಿದ್ದೆ. ಅದಕ್ಕೇ ಅಮ್ಮ ಹೋದಳು ಅಂತ ವರ್ಷಗಟ್ಟಲೆ ನಂಬಿದ್ದೆ. ಯಾರಿಗೂ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಮಕ್ಕಳು ಹೀಗೇ ತುಂಬಿಕೊಳ್ಳುತ್ತಾರೆ, ಜಾಸ್ತಿ ಸಲ ತಪ್ಪು ತಮ್ಮದೇ ಎಂಬ ನಂಬಿಕೆಯಿಂದ.

ಹಾಗಾಗಿ ಮೊದಲು ನಿಜ ಹೇಳಿ. ಅತ್ತಿಗೆ ಹೇಳಲಿ, ನೀವು ಪಕ್ಕದಲ್ಲಿರಿ. "ಅಪ್ಪ ರೈಲಿನಿಂದ ಬಿದ್ದರು, ತುಂಬ ಪೆಟ್ಟಾಯಿತು, ಸತ್ತುಹೋದರು. ಇನ್ನು ಬರುವುದಿಲ್ಲ. ನಿನ್ನಿಂದ ಆಗಿದ್ದಲ್ಲ." ಇಷ್ಟು ಸಾಕು. "ನಿದ್ದೆ ಹೋದರು" ಎಂದರೆ ಮಲಗಲು ಹೆದರುತ್ತಾನೆ. "ದೇವರು ಕರೆದುಕೊಂಡ" ಎಂದರೆ ಅಮ್ಮನನ್ನೂ ಕರೆದಾನು ಎಂದು ಕಾಯುತ್ತಾನೆ. ಊರಿಗೆ ಹೋದರು ಅಂದದ್ದು ಸುಳ್ಳು, ನಮಗೆ ಹೇಳುವ ಧೈರ್ಯ ಬರಲಿಲ್ಲ ಎಂದೂ ಒಪ್ಪಿಕೊಳ್ಳಿ. ಕೇಳಿ ಐದು ನಿಮಿಷಕ್ಕೆ ಆಡಲು ಓಡಿಹೋದರೆ ಗಾಬರಿ ಬೇಡ. ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುವ ಮಳೆಯ ಹಾಗೆ. ಅದೇ ಪ್ರಶ್ನೆ ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಿ. ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಬಟ್ಟೆ ಬದಲಿಸಿ ಮಲಗಿಸಿ, ಅಷ್ಟೆ.

ಡಾಕ್ಟರಿಗೆ? ಹೌದು, ತೋರಿಸಿ. ಮೂರು ತಿಂಗಳಾದರೂ ಅದೇ ಆಟ, ಅದೇ ಹಾಸಿಗೆ. ಇನ್ನು ಕಾಯುವುದು ಬೇಡ. ಮುಂಬೈನ ಸಾಯನ್, ಕೆಇಎಂ, ನಾಯರ್ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಆದರೆ ಡೊಂಬಿವಲಿಯಿಂದ ಸಾಯನ್‌ಗೆ ಹೋಗುವುದೂ ಲೋಕಲ್‌ನಲ್ಲೇ, ಅಲ್ವಾ? ಅವನು ಹೆದರಿದರೆ ರಸ್ತೆಯಲ್ಲೇ ಹೋಗಿ. ಅದಕ್ಕೂ ಮೊದಲು ನೀವು ಮನೆಯಿಂದಲೇ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ, ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಹುಡುಗನಿಗೆ ಯಾವ ಭಾಷೆ ಸಲೀಸೋ ಆ ಭಾಷೆಯ ಕೌನ್ಸೆಲರನ್ನು ಹುಡುಕಿ. ಶಾಲೆಯಲ್ಲಿ ಮರಾಠಿ ಆಡಿದರೂ ಅಪ್ಪನ ಜೊತೆ ಯಾವುದರಲ್ಲಿ ಮಾತಾಡುತ್ತಿದ್ದ ಎಂಬುದು ಮುಖ್ಯ. ಕೌನ್ಸೆಲರು ಅವನ ಜೊತೆ ಚಿತ್ರ ಬರೆದು, ಆಟ ಆಡಿ ಕೂತರೆ "ಇದೇನು ಚಿಕಿತ್ಸೆ" ಅನ್ನಬೇಡಿ. ಏಳು ವರ್ಷದವರು ಮಾತಾಡುವುದೇ ಹಾಗೆ.

ಅತ್ತಿಗೆಯನ್ನೂ ಕರೆದುಕೊಂಡು ಹೋಗಿ. ಅವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಅಣ್ಣನ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ, ತೆಗೆಯೋದಾ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಹುಡುಗನನ್ನು ಕೇಳದೆ ತೆಗೆಯಬೇಡಿ.